ಇಳಿಬಿಟ್ಟ ತೋಳಿನ ಭಾರ

ಜೈನ ಶಿಲ್ಪದಲ್ಲಿ ಕಾಯೋತ್ಸರ್ಗವನ್ನು ಗುರುತಿಸುವ ಮೊದಲ ಲಕ್ಷಣ ಇಳಿಬಿಟ್ಟ ತೋಳುಗಳು. ಪಾದಗಳ ನಡುವೆ ನಾಲ್ಕು ಅಂಗುಲದ ಅಂತರ, ಅಲುಗದ ಅಂಗಾಂಗಗಳು, ಕೆಳಕ್ಕಿಳಿದ ಬಾಹುಯುಗಳ: ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಷಡಾವಶ್ಯಕಗಳ ಪ್ರಕರಣದಲ್ಲಿ ಹೇಳುವ ನಿಲುವು ಇದು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿಯ ಹೆಗಲು ಈ ತುದಿಯಿಂದ ಆ ತುದಿಗೆ 26 ಅಡಿ ಅಗಲವಿದೆ. ಆ ಹೆಗಲಿನಿಂದ ಇಳಿದ ತೋಳುಗಳನ್ನು ಬಳ್ಳಿ ಸುತ್ತಿಕೊಂಡಿದೆ. ನೋಡುವವರ ಕಣ್ಣಿಗೆ ಆ ತೋಳುಗಳು ಏನನ್ನೂ ಮಾಡುತ್ತಿಲ್ಲ. ಉತ್ಸರ್ಗವೆಂದರೆ ಬಿಡುವುದು, ಬಿಟ್ಟುಬಿಟ್ಟ ಮೇಲೆ ಶ್ರಮವೆಲ್ಲಿಯದು ಎಂದೇ ತೋರುತ್ತದೆ.

ಹಳೆಯ ಮೈಸೂರು ಸೀಮೆಯ ಪದವಿ ಕಾಲೇಜೊಂದರ ಕನ್ನಡ ಅಧ್ಯಾಪಕಿಗೆ ಈ ಎಣಿಕೆ ತಪ್ಪೆಂದು ತಿಳಿದದ್ದು ಐವತ್ತು ದಾಟಿದ ಮೇಲೆ. ಬೆಳಗಿನ ಸಾಮಾಯಿಕದ ಕೊನೆಯಲ್ಲಿ ನಿಂತು ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರವನ್ನು 27 ಉಚ್ಛ್ವಾಸಗಳಲ್ಲಿ ಮುಗಿಸುವ ಕಾಯೋತ್ಸರ್ಗವನ್ನು ಅವರು ಬಾಲ್ಯದಲ್ಲಿಯೇ ತಾಯಿಯಿಂದ ಕಲಿತಿದ್ದರು. ನಲವತ್ತು ವರ್ಷಗಳಿಗೂ ಮಿಗಿಲಾಗಿ ನಡೆದುಬಂದ ಆ ಅಭ್ಯಾಸದಲ್ಲಿ ತೋಳಿಗೆ ತೂಕವಿದೆಯೆಂಬ ಅರಿವೇ ಅವರಿಗೆ ಆಗಿರಲಿಲ್ಲ. ಒಂದು ದಿನ ಮೂರನೆಯ ಮಂತ್ರಕ್ಕೆ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಳ್ಳದೆ ನಿಲ್ಲಲಾಗಲಿಲ್ಲ. ಮಾರನೆಯ ದಿನವೂ ಹಾಗೆಯೇ ಆಯಿತು.

ಅದಕ್ಕೆ ಎರಡು ವಾರ ಮೊದಲು ಅವರ ಕತ್ತಿನ ಬಲಪಕ್ಕದಲ್ಲಿದ್ದ ಒಂದು ಗಂಟನ್ನು ತೆಗೆದು ಪರೀಕ್ಷೆಗೆ ಕಳುಹಿಸಲಾಗಿತ್ತು. ಕತ್ತಿನ ದುಗ್ಧಗ್ರಂಥಿ ಊದಿಕೊಂಡರೆ ನಮ್ಮ ದೇಶದಲ್ಲಿ ಮೊದಲು ಶಂಕಿಸುವುದು ಕ್ಷಯವನ್ನು. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಶಸ್ತ್ರಕ್ರಿಯೆ ಅದು; ಸಂಜೆಗೆ ಮನೆಗೆ ಮರಳಿದ್ದರು. ಕ್ಷಯವೂ ಇಲ್ಲ, ಮತ್ತಾವ ಕೇಡೂ ಇಲ್ಲವೆಂದು ವರದಿ ಬಂದಾಗ ಮನೆಯಲ್ಲಿ ಪಾಯಸ ಮಾಡಿದರು. ಆ ಸಂತೋಷದಲ್ಲಿ ಹೆಗಲ ನೋವು ಗಣನೆಗೆ ಬರಲಿಲ್ಲ. ಗಾಯ ಮಾಯುವವರೆಗೆ ಹಾಗೆಯೇ ಇರುತ್ತದೆ ಎಂದರು. ಗಾಯ ಮಾಯಿತು, ನೋವು ಉಳಿಯಿತು. ಎರಡನೆಯ ತಿಂಗಳಲ್ಲಿ ಮತ್ತೊಬ್ಬರಿಗೆ ತೋರಿಸಿದಾಗ, ಐವತ್ತರ ಹೆಂಗಸರಲ್ಲಿ ಇದು ಸಾಮಾನ್ಯ, ಹೆಗಲು ಬಿಗಿದುಕೊಂಡಿದೆ, ಒಂದೆರಡು ವರ್ಷದಲ್ಲಿ ತಾನಾಗಿಯೇ ಬಿಡುತ್ತದೆ ಎಂಬ ಉತ್ತರ ಸಿಕ್ಕಿತು. ಸಹಿಸಿಕೊಳ್ಳಿ ಎಂದರು. ಅವರು ಸಹಿಸಿಕೊಂಡರು.

ಸಹಿಸುವುದು ಅವರಿಗೆ ಹೊಸದಲ್ಲ; ಒಂದರ್ಥದಲ್ಲಿ ಅದೇ ಅವರ ಪಾಠದ ವಿಷಯವಾಗಿತ್ತು. ಎರಡು ದಶಕಗಳಿಂದ ಅವರು ‘ವಡ್ಡಾರಾಧನೆ’ಯನ್ನು ಪಾಠ ಹೇಳುತ್ತ ಬಂದಿದ್ದರು. ಅಲ್ಲಿಯ 19 ಕಥೆಗಳೂ ದೇಹಕ್ಕೆ ಬಂದೊದಗುವ ಉಪಸರ್ಗವನ್ನೋ ಪರೀಷಹವನ್ನೋ ಗೆದ್ದವರ ಕಥೆಗಳು. ತತ್ತ್ವಾರ್ಥಸೂತ್ರದ ಸಂಪ್ರದಾಯ ಎಣಿಸುವ 22 ಪರೀಷಹಗಳಲ್ಲಿ ರೋಗವೂ ಒಂದು. ರೋಗಪರೀಷಹವನ್ನು ವಿವರಿಸುವಾಗಲೆಲ್ಲ ಅವರು ಸನತ್ಕುಮಾರ ಚಕ್ರವರ್ತಿಯ ಕಥೆಯನ್ನೇ ಎತ್ತಿಕೊಳ್ಳುತ್ತಿದ್ದರು. ರೂಪಿಗೆ ಹೆಸರಾದ ಚಕ್ರವರ್ತಿ ದೀಕ್ಷೆ ಪಡೆದು, ಮೈಯಲ್ಲಿ ಹುಟ್ಟಿದ ವ್ಯಾಧಿಗಳನ್ನು ಬಹುಕಾಲ ಸೈರಿಸುತ್ತಾನೆ. ವೈದ್ಯನ ವೇಷದಲ್ಲಿ ಬಂದ ದೇವನು ಚಿಕಿತ್ಸೆ ಮಾಡುವೆನೆಂದಾಗ, ಹುಟ್ಟುಸಾವುಗಳ ವ್ಯಾಧಿಗೆ ಮದ್ದಿದ್ದರೆ ಅದನ್ನು ಕೊಡು ಎನ್ನುತ್ತಾನೆ. ತರಗತಿ ಆ ಘಟ್ಟದಲ್ಲಿ ಸದ್ದಿಲ್ಲದೆ ಕೇಳುತ್ತಿತ್ತು. ಆ ವರ್ಷ ಅದೇ ಪಾಠ ಹೇಳುತ್ತಿದ್ದಾಗ ಅವರ ಮೊಣಕೈ ಮೇಜಿನ ಮೇಲಿಟ್ಟ ಪುಸ್ತಕಗಳ ರಾಶಿಯನ್ನು ಆತುಕೊಂಡಿತ್ತು.

ಬದಲಾವಣೆಯನ್ನು ಕಂಡವರು ಬೇರೆಯವರು. ಕರಿಹಲಗೆಯ ಮೇಲಿನ ಬರವಣಿಗೆ ಸಾಲಿನ ಕೊನೆಯಲ್ಲಿ ಕೆಳಕ್ಕೆ ಜಾರುತ್ತಿದೆಯೆಂದು ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ, “ಹೆಗಲ ಮೇಲೆ ಬ್ಯಾಗು ನಿಲ್ಲೋದೇ ಇಲ್ವಲ್ಲಮ್ಮ, ಒಂದು ಕಡೆ ತಗ್ಗಿಹೋಗಿದೆ” ಎಂದರು. ಎಡಹೆಗಲ ಸೆರಗಿಗೆ ತೊಂದರೆಯಿರಲಿಲ್ಲ. ಬಲಹೆಗಲಿಗೆ ಏರಿಸಿದ ಯಾವ ಪಟ್ಟಿಯೂ ನಿಲ್ಲದೆ ಜಾರುತ್ತಿತ್ತು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರಿಗೆ ತಮ್ಮ ಬೆನ್ನು ಕಾಣುವುದಿಲ್ಲ.

ಐದನೆಯ ತಿಂಗಳಲ್ಲಿ ಫಿಸಿಯೋಥೆರಪಿಗೆಂದು ಹೋದಾಗ, ಅಲ್ಲಿದ್ದ ಎಳೆಯ ವಯಸ್ಸಿನ ಚಿಕಿತ್ಸಕಿ ಅವರ ಹಿಂದೆ ನಿಂತು ಎರಡೂ ತೋಳುಗಳನ್ನು ಪಕ್ಕಕ್ಕೆ ಎತ್ತಲು ಹೇಳಿದಳು. ಎಡತೋಳು ಕಿವಿಯವರೆಗೂ ಏರಿತು. ಬಲತೋಳು ಹೆಗಲ ಮಟ್ಟಕ್ಕೆ ಬಂದು ನಿಂತಿತು. ಅವಳು ಒಂದು ಅಂಗೈಯಿಂದ ಹೆಗಲೆಲುಬನ್ನು ಒತ್ತಿಹಿಡಿದು, ಮತ್ತೊಂದರಿಂದ ಅದೇ ತೋಳನ್ನು ತಾನೇ ಎತ್ತಿದಳು. ಅದು ತಡೆಯಿಲ್ಲದೆ ಮೇಲಕ್ಕೆ ಹೋಯಿತು. “ಮೇಡಂ, ಹೆಗಲು ಬಿಗಿದುಕೊಂಡಿದ್ದರೆ ನಾನು ಎತ್ತಿದರೂ ಏಳುತ್ತಿರಲಿಲ್ಲ. ಇದನ್ನು ಹಿಡಿದುಕೊಳ್ಳಬೇಕಾದ ಸ್ನಾಯುವೇ ಕೆಲಸ ಮಾಡುತ್ತಿಲ್ಲ” ಎಂದಳು. ಒಪ್ಪಿಗೆ ಕೇಳಿ ಅವರದೇ ಮೊಬೈಲಿನಲ್ಲಿ ಬೆನ್ನಿನ ಚಿತ್ರ ತೆಗೆದು ತೋರಿಸಿದಳು. ಬಲಗಡೆಯ ಹೆಗಲೆಲುಬು ಬೆನ್ನುಹುರಿಯಿಂದ ದೂರ ಸರಿದು, ಅದರ ಒಳ ಅಂಚು ಚರ್ಮವನ್ನು ನೂಕಿಕೊಂಡು ಎದ್ದಿತ್ತು. ಕತ್ತಿನಿಂದ ಹೆಗಲಿಗಿಳಿಯುವ ದುಂಡನೆಯ ಇಳಿಜಾರು ಬಲಗಡೆ ಬತ್ತಿಹೋಗಿತ್ತು. ವೈದ್ಯರು ಇದಕ್ಕೆ ವಿಂಗ್ಡ್ ಸ್ಕ್ಯಾಪುಲಾ, ಅಂದರೆ ರೆಕ್ಕೆಯಂತೆ ಎದ್ದ ಹೆಗಲೆಲುಬು ಎನ್ನುತ್ತಾರೆ. ಅವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಐದು ತಿಂಗಳಿಂದ ಸಹಿಸುತ್ತಿದ್ದುದನ್ನು ಮೊದಲ ಬಾರಿ ಕಂಡದ್ದು ಅಂದು.

ಹೆಗಲೆಲುಬಿನ ರಚನೆ ವಿಚಿತ್ರವಾದದ್ದು. ಮುಂದುಗಡೆಯ ಕೊರಳೆಲುಬಿನ ಮೂಲಕವಲ್ಲದೆ ಮುಂಡದ ಯಾವ ಎಲುಬಿಗೂ ಅದು ಕೀಲುಗೊಂಡಿಲ್ಲ. ಪಕ್ಕೆಲುಬುಗಳ ಮೇಲೆ ಅದು ತೇಲುತ್ತದೆ. ಅದನ್ನು ಹಿಡಿದಿರುವುದು ಹದಿನೇಳು ಸ್ನಾಯುಗಳು. ಅವುಗಳಲ್ಲಿ ಎರಡು ಸೋತರೆ ಎಲುಬು ರೆಕ್ಕೆಯಾಗುವುದು ಹೆಚ್ಚು. ಎದೆಯ ಪಕ್ಕದಲ್ಲಿರುವ ಸೆರೇಟಸ್ ಸೋತರೆ ಎಲುಬು ಬೆನ್ನುಹುರಿಯತ್ತ ಸರಿದು, ಗೋಡೆಯನ್ನು ತಳ್ಳುವಾಗ ಎದ್ದುಕಾಣುತ್ತದೆ. ಕತ್ತಿನಿಂದ ನಡುಬೆನ್ನಿನವರೆಗೆ ಹರಡಿರುವ ಟ್ರಪೀಜಿಯಸ್ ಸೋತರೆ ಎಲುಬು ಹೊರಕ್ಕೆ ಜಾರಿ ಹೆಗಲು ಕುಸಿಯುತ್ತದೆ. ಅವರದು ಎರಡನೆಯದು. ಟ್ರಪೀಜಿಯಸ್ಸಿಗೆ ಆಜ್ಞೆಯನ್ನು ಒಯ್ಯುವ ಅಕ್ಸೆಸರಿ ನರವು ಕತ್ತಿನ ಪಕ್ಕದಲ್ಲಿ ಚರ್ಮದ ಕೆಳಗೆ ಹೆಚ್ಚು ಆಳವಿಲ್ಲದೆ, ದುಗ್ಧಗ್ರಂಥಿಗಳ ನಡುವೆಯೇ ಹಾದುಹೋಗುತ್ತದೆ. ಆ ಜಾಗದ ಗಂಟು ತೆಗೆಯುವಾಗ ಆ ನರಕ್ಕೆ ಪೆಟ್ಟಾಗುವ ಅಪಾಯ ವೈದ್ಯಗ್ರಂಥಗಳಲ್ಲಿ ಬಹುಕಾಲದಿಂದ ದಾಖಲಾಗಿದೆ. ಇ.ಎಂ.ಜಿ. ಪರೀಕ್ಷೆಯಲ್ಲಿ ಸ್ನಾಯುವಿನಿಂದ ಇಚ್ಛಾನುಸಾರಿಯಾದ ಒಂದು ಮಿಡಿತವೂ ದಾಖಲಾಗಲಿಲ್ಲ.

ತಮ್ಮ ದೇಹದ ಭಾಗವನ್ನು ತಮ್ಮ ಶಾಸ್ತ್ರದ ಕಡೆಯಿಂದಲೂ ತಿಳಿಯಬೇಕೆಂಬ ಹಟ ಅವರಿಗಿತ್ತು. ಸುಶ್ರುತಸಂಹಿತೆ ಎಣಿಸುವ 107 ಮರ್ಮಗಳಲ್ಲಿ ಬೆನ್ನಿನ ಮೇಲುಭಾಗದ ‘ಅಂಸಫಲಕ’ ಒಂದು. ಅದು ವೈಕಲ್ಯಕರ ಮರ್ಮ: ಪೆಟ್ಟಾದರೆ ಪ್ರಾಣ ಹೋಗುವುದಿಲ್ಲ, ತೋಳು ಮರಗಟ್ಟುತ್ತದೆ, ಒಣಗುತ್ತದೆ. ‘ಫಲಕ’ದ ತದ್ಭವ ‘ಹಲಗೆ’ ಎಂಬುದನ್ನು ಶಬ್ದಮಣಿದರ್ಪಣದ ಪಾಠದಲ್ಲಿ ಅವರು ಎಷ್ಟೋ ಸಲ ಹೇಳಿದ್ದರು. ಗೋಡೆಯ ಹಲಗೆಯ ಮೇಲೆ ಬರೆಯಬೇಕಾದರೆ ಬೆನ್ನಿನ ಹಲಗೆ ತನ್ನ ಜಾಗದಲ್ಲಿ ನಿಲ್ಲಬೇಕೆಂಬುದು ಈಗ ಗೊತ್ತಾಯಿತು.

ನರದ ಚಿಕಿತ್ಸೆಯಲ್ಲಿ ಕಾಲವೇ ಮುಖ್ಯ. ನರದ ಸಂಪರ್ಕ ತಪ್ಪಿದ ಸ್ನಾಯು ಕಾಯುತ್ತಲೇ ಇರುವುದಿಲ್ಲ. ಒಂದು, ಒಂದೂವರೆ ವರ್ಷ ಕಳೆದರೆ ನರ ಮರಳಿ ಬಂದರೂ ಅದನ್ನು ಸ್ವೀಕರಿಸುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಸಹನೆಯ ಹೆಸರಿನಲ್ಲಿ ಕಳೆದುಹೋದ ಐದು ತಿಂಗಳ ಬೆಲೆಯನ್ನು ಶಸ್ತ್ರಚಿಕಿತ್ಸಕರು ಸರಳವಾಗಿ ವಿವರಿಸಿದರು. ಆರನೆಯ ತಿಂಗಳಲ್ಲಿ ಬೆಂಗಳೂರಿನಲ್ಲಿ ಎರಡನೆಯ ಶಸ್ತ್ರಕ್ರಿಯೆ ನಡೆಯಿತು. ತುಂಡಾಗಿದ್ದ ನರದ ಎರಡು ತುದಿಗಳಲ್ಲಿ ಕಟ್ಟಿದ್ದ ಗಂಟನ್ನು ಕತ್ತರಿಸಿ ತೆಗೆದಾಗ ನಡುವೆ ಮೂರು ಸೆಂಟಿಮೀಟರಿನ ತೆರಪು ಉಳಿಯಿತು. ಅದನ್ನು ತುಂಬಲು ಕಾಲಿನ ಹಿಂಬದಿಯಿಂದ ಸೂರಲ್ ನರದ ಒಂದು ಭಾಗವನ್ನು ತಂದು ಜೋಡಿಸಿದರು. ಅದಕ್ಕೆ ತೆತ್ತ ಬೆಲೆಯೆಂಬಂತೆ ಪಾದದ ಹೊರ ಅಂಚು ಇಂದಿಗೂ ಸ್ಪರ್ಶವನ್ನರಿಯದು.

ಹಾಗೆ ತಂದಿಟ್ಟ ನರ ತಾನಾಗಿ ಕೆಲಸ ಮಾಡುವುದಿಲ್ಲ ಎಂಬುದು ಅವರನ್ನು ಬಹಳ ದಿನ ಯೋಚನೆಗೆ ಹಚ್ಚಿತು. ಅದರೊಳಗಿನ ಎಳೆಗಳು ಅಳಿದುಹೋಗುತ್ತವೆ. ಉಳಿದ ಕೊಳವೆಗಳೊಳಗೆ ಕತ್ತಿನ ಕಡೆಯ ತುದಿಯಿಂದ ಹೊಸ ಎಳೆಗಳು ದಾರಿ ಹುಡುಕಿಕೊಂಡು ಬೆಳೆಯಬೇಕು. ಓಲೆಗರಿಗಳ ನಡುವೆ ಬದುಕು ಕಳೆದವರಿಗೆ ಇದು ಅಪರಿಚಿತ ಸಂಗತಿಯಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಓಲೆಗಳು ಎಂದೋ ಅಳಿದಿರಬೇಕು. ಕಾವ್ಯ ಮಾತ್ರ ಗರಿಯಿಂದ ಗರಿಗೆ ದಾಟುತ್ತ ಬಂದಿದೆ. ಪ್ರತಿಯ ಕೊನೆಯಲ್ಲಿ ಬೆನ್ನು, ಸೊಂಟ, ಕತ್ತುಗಳು ನೊಂದವೆಂದು ಹೇಳಿಕೊಂಡು, ಕಷ್ಟದಿಂದ ಬರೆದುದನ್ನು ಜತನದಿಂದ ಕಾಯಿರೆಂದು ಬೇಡುವ ಲಿಪಿಕಾರರ ಮಾತು ಹಸ್ತಪ್ರತಿಗಳನ್ನು ಓದುವವರಿಗೆಲ್ಲ ಪರಿಚಿತ. ಆ ನೊಂದ ಅಂಗಗಳ ಪಟ್ಟಿಯಲ್ಲಿ ಹೆಗಲಿನ ಹೆಸರಿಲ್ಲವೆಂಬುದನ್ನು ಅವರು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಗಮನಿಸಿದರು.

ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ತಿಂಗಳಿಗೆ ಒಂದು ಅಂಗುಲದಷ್ಟು. ಈ ಲೆಕ್ಕವನ್ನು ಹಿಡಿದುಕೊಂಡು ದಿನ ಎಣಿಸುವುದೇ ಚೇತರಿಕೆಯ ಮೊದಲ ಭಾಗ. ಮೂರು ವಾರ ಕತ್ತು, ತೋಳುಗಳನ್ನು ಅಲುಗಿಸದಂತೆ ಕಟ್ಟಿದ್ದರು. ಆಮೇಲೆ ಜೋಳಿಗೆಯಂಥ ಪಟ್ಟಿಯಲ್ಲಿ ಕೈಯನ್ನು ಹೊತ್ತು ತಿರುಗಾಟ. ಮನೆಯಲ್ಲಿ ಕುಳಿತಾಗ ಮೊಣಕೈಯ ಕೆಳಗೆ ದಿಂಬು. ಜೋತುಬಿದ್ದ ತೋಳಿನ ತೂಕ ಕತ್ತನ್ನೂ ಬೆನ್ನನ್ನೂ ಜಗ್ಗದಂತೆ ನೋಡಿಕೊಳ್ಳುವುದೇ ಆ ದಿನಗಳ ಚಿಕಿತ್ಸೆ. ವ್ಯಾಯಾಮಗಳು ನೋಡುವವರಿಗೆ ಹಾಸ್ಯಾಸ್ಪದವೆನಿಸುವಷ್ಟು ಸಣ್ಣವು: ಮೇಜಿನ ಮೇಲೆ ಬಟ್ಟೆಯಿಟ್ಟು ಅಂಗೈಯನ್ನು ಮುಂದಕ್ಕೆ ಜಾರಿಸುವುದು, ಅಂಗಾತ ಮಲಗಿ ಎಡಗೈಯ ಆಸರೆಯಿಂದ ಬಲಗೈಯನ್ನು ಏರಿಸುವುದು, ಎರಡು ಕನ್ನಡಿಗಳ ನಡುವೆ ಕುಳಿತು ಹೆಗಲೆಲುಬುಗಳನ್ನು ಬೆನ್ನುಹುರಿಯತ್ತ ಒತ್ತರಿಸಿಕೊಳ್ಳಲು ಯತ್ನಿಸುವುದು. ಯತ್ನವೆಂಬುದೇ ಸರಿಯಾದ ಮಾತು. ನಾಲ್ಕು ತಿಂಗಳು ಕನ್ನಡಿಯೊಳಗಿನ ಬಲಬೆನ್ನಿನಲ್ಲಿ ಯಾವುದೂ ಅಲುಗಲಿಲ್ಲ.

ಆ ತಿಂಗಳುಗಳಲ್ಲಿ ಅವರನ್ನು ಹಣ್ಣು ಮಾಡಿದ್ದು ನೋವಿಗಿಂತ ಕೋಪ. ಮೊದಲ ಶಸ್ತ್ರಕ್ರಿಯೆಯ ಕಾಗದಗಳಲ್ಲಿ ನರದ ಪ್ರಸ್ತಾಪವೇ ಇರಲಿಲ್ಲ. ತೊಂದರೆಯಿಲ್ಲದೆ ಮುಗಿಯಿತು ಎಂದಷ್ಟೇ ಇತ್ತು. ಅದನ್ನು ಅವರು ದಿನಕ್ಕೊಮ್ಮೆಯಾದರೂ ತೆಗೆದು ಓದುತ್ತಿದ್ದರು. ಮನಸ್ಸಿನಲ್ಲಿ ಬರೆದ ಪತ್ರಗಳಿಗೆ ಲೆಕ್ಕವಿರಲಿಲ್ಲ. ಇಷ್ಟರ ನಡುವೆಯೂ ಬೆಳಗಿನ ಕಾಯೋತ್ಸರ್ಗವನ್ನು ಬಿಟ್ಟಿರಲಿಲ್ಲ. ಗೋಡೆಗೆ ಒರಗಿ, ಹಲ್ಲು ಕಚ್ಚಿ, ಒಂಬತ್ತನ್ನು ಮುಗಿಸಿಯೇ ಕದಲುತ್ತಿದ್ದರು.

ಮೂಲಾಚಾರದ ಆ ಪ್ರಕರಣವನ್ನು ಅವರು ಮತ್ತೆ ತೆರೆದದ್ದು ಹೆಮ್ಮೆಯಿಂದಲೇ. ಕಾಯೋತ್ಸರ್ಗದ ದೋಷಗಳನ್ನು ಅದು 32 ಎಂದು ಎಣಿಸುತ್ತದೆ. ಕುದುರೆಯಂತೆ ಒಂದು ಕಾಲೆತ್ತಿ ನಿಲ್ಲುವುದು ಘೋಟಕದೋಷ. ಬಳ್ಳಿಯಂತೆ ತೂಗುವುದು ಲತಾದೋಷ. ಗೋಡೆಯನ್ನು ಆತುಕೊಳ್ಳುವುದು ಕುಡ್ಯದೋಷ. ನೊಗದ ಭಾರಕ್ಕೆ ನೊಂದ ಎತ್ತಿನಂತೆ ಕತ್ತು ಚಾಚುವುದು ಯುಗದೋಷ. ನೊಗ ಹೊತ್ತ ಎತ್ತಿನ ಕತ್ತು ಅವರಿಗೆ ಕನ್ನಡಿಯಲ್ಲಿ ದಿನವೂ ಕಾಣುತ್ತಿತ್ತು. ಅದೇ ಪ್ರಕರಣ ಕಾಯೋತ್ಸರ್ಗವನ್ನು ನಾಲ್ಕಾಗಿ ವಿಂಗಡಿಸುತ್ತದೆ. ನಿಂತು ಧರ್ಮಶುಕ್ಲಧ್ಯಾನಗಳಲ್ಲಿರುವುದು ಉತ್ಥಿತೋತ್ಥಿತ. ನಿಂತೂ ಆರ್ತರೌದ್ರಗಳಲ್ಲಿರುವುದು ಉತ್ಥಿತನಿವಿಷ್ಟ. ಕುಳಿತು ಧರ್ಮಶುಕ್ಲಗಳಲ್ಲಿರುವುದು ಉಪವಿಷ್ಟೋತ್ಥಿತ. ಕುಳಿತೂ ಆರ್ತರೌದ್ರಗಳಲ್ಲಿರುವುದು ಉಪವಿಷ್ಟನಿವಿಷ್ಟ. ಈ ಪರಿಭಾಷೆಯನ್ನು ಅವರು ಟಿಪ್ಪಣಿಗಳಲ್ಲಿ ಬಳಸಿದ್ದುಂಟು, ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳಿದ್ದುಂಟು. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಪೀಡಾಚಿಂತನವೂ ಒಂದಾದರೆ, ಗೋಡೆಗೊರಗಿ ನೋವನ್ನೂ ಕೋಪವನ್ನೂ ಎಣಿಸುತ್ತ ನಿಂತ ತಮ್ಮದು ಯಾವ ಬಗೆಯೆಂದು ಕೇಳಿಕೊಳ್ಳಲು ವಿದ್ವತ್ತು ಬೇಕಿರಲಿಲ್ಲ. ಮಾರನೆಯ ಬೆಳಗ್ಗೆ ಅವರು ಕುಳಿತರು. ಮೊಣಕೈಯ ಕೆಳಗೆ ದಿಂಬಿತ್ತು. ಒಂಬತ್ತು ಮಂತ್ರಗಳು ಅವಸರವಿಲ್ಲದೆ ಮುಗಿದವು.

ಅಲ್ಲಿಂದ ಮುಂದೆ ಅವರ ಓದು ಚಿಕಿತ್ಸೆಯ ಕಡೆಗೂ ಹೊರಳಿತು. ದ್ವಾದಶಾಂಗದ ಪೂರ್ವಗಳಲ್ಲಿ ‘ಪ್ರಾಣಾವಾಯ’ವೆಂಬುದು ವೈದ್ಯಕ್ಕೇ ಮೀಸಲು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮುನಿಗಳಾಗಿಯೇ ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದ ಚಿಕಿತ್ಸೆಯನ್ನು ನಿರೂಪಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ನಮ್ಮ ಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಬೇಸರವಿಲ್ಲದೆ ಹೆಸರಿಸುತ್ತವೆ. ಔಷಧವನ್ನು ಕೊಡುವುದು ದಾನವಾದರೆ ಅದನ್ನು ವೇಳೆಗೆ ಸರಿಯಾಗಿ ಪಡೆಯುವುದು ಸೋಲಾಗಲಾರದು. ರೋಗವನ್ನು ಸಹಿಸಿದ ಮುನಿಗಳನ್ನು ಕೊಂಡಾಡಿದ ಪರಂಪರೆಯೇ ವೈದ್ಯಗ್ರಂಥಗಳನ್ನೂ ಬರೆದಿದೆ. ಶ್ರಾವಕಿಯೊಬ್ಬಳು ಅವೆರಡರಲ್ಲಿ ಒಂದನ್ನಷ್ಟೇ ಓದಿಕೊಂಡದ್ದು ಪರಂಪರೆಯ ತಪ್ಪಲ್ಲ.

ಐದನೆಯ ತಿಂಗಳ ಕೊನೆಯಲ್ಲಿ ಒಂದು ಸಂಜೆ ಅತ್ತೆ ಎಂದಿನಂತೆ ಸೊಸೆಯ ಹೆಗಲಿನ ಮೇಲ್ಭಾಗಕ್ಕೆ ಅಂಗೈಯಿಟ್ಟು ಕುಳಿತಿದ್ದರು. ಹೆಗಲನ್ನು ಕಿವಿಯತ್ತ ಏರಿಸಲು ಯತ್ನಿಸುವಾಗ ಯಾರಾದರೂ ಮುಟ್ಟಿ ನೋಡಬೇಕೆಂದು ಚಿಕಿತ್ಸಕಿ ಹೇಳಿಕೊಟ್ಟಿದ್ದಳು. “ಏನೋ ಅದುರಿದ ಹಾಗಾಯ್ತು” ಎಂದರು ಅತ್ತೆ. ಮತ್ತೆ ಯತ್ನಿಸಿದರು. “ಹೂಂ, ಆಯ್ತು.” ಕಣ್ಣಿಗೆ ಕಾಣದ, ಅಂಗೈಗೆ ಮಾತ್ರ ಸಿಗುವಂಥ ಅದುರು. ಮುಂದಿನ ಪರೀಕ್ಷೆಯಲ್ಲಿ ಯಂತ್ರವೂ ಅದನ್ನು ದೃಢಪಡಿಸಿತು. ಮೊದಲು ಮೇಲಿನ ಎಳೆಗಳು, ತಿಂಗಳುಗಳ ತರುವಾಯ ನಡುವಿನವು. ಬೆನ್ನಿನ ಕೆಳಭಾಗದವು ಇನ್ನೂ ಪೂರ್ತಿ ಎಚ್ಚೆತ್ತಿಲ್ಲ. ಗೋಡೆಗೆ ಅಂಗೈಯೊತ್ತಿ ತೋಳನ್ನು ಮೇಲಕ್ಕೇರಿಸುವ ವ್ಯಾಯಾಮ ಆಗ ಆರಂಭವಾಯಿತು. ಧ್ಯಾನಕ್ಕೆ ದೋಷವಾದ ಗೋಡೆ ತೋಳಿಗೆ ಗುರುವಾಯಿತು. ಅಡುಗೆಮನೆಯ ಗೋಡೆಯ ಮೇಲೆ ಬೆರಳ ತುದಿ ತಲುಪಿದ ಎತ್ತರಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ ದಿನಾಂಕ ಬರೆದಿಟ್ಟಿದ್ದಾರೆ. ಮಕ್ಕಳ ಎತ್ತರವನ್ನು ಗುರುತಿಸಿದ ಹಳೆಯ ಗೆರೆಗಳು ಅದರ ಪಕ್ಕದಲ್ಲಿಯೇ ಇವೆ.

ಎರಡನೆಯ ಶಸ್ತ್ರಕ್ರಿಯೆಯಾಗಿ ಈಗ ಒಂದೂವರೆ ವರ್ಷ. ತೋಳು ಹೆಗಲ ಮಟ್ಟವನ್ನು ದಾಟಿ ಹಣೆಯ ಮೇಲಕ್ಕೆ ಏರುತ್ತದೆ, ನೆತ್ತಿಯ ಮೇಲೆ ನೇರವಾಗುವುದಿಲ್ಲ. ತಲೆ ಬಾಚಿಕೊಳ್ಳಲು ಕಷ್ಟವಿಲ್ಲ. ಕಪಾಟಿನ ಮೇಲಿನ ಅರೆಯಲ್ಲಿದ್ದ ಸಂಪುಟಗಳು ಕೆಳಗಿಳಿದಿವೆ. ದಣಿದ ಸಂಜೆ ಎಲುಬಿನ ಅಂಚು ರವಿಕೆಯ ಕೆಳಗೆ ಮತ್ತೆ ಎದ್ದುತೋರುತ್ತದೆ. ಇದಕ್ಕಿಂತ ಹೆಚ್ಚು ಸುಧಾರಿಸದಿದ್ದರೆ ನೆರೆಯ ಸ್ನಾಯುಗಳನ್ನು ಸ್ಥಳಾಂತರಿಸುವ ಈಡನ್-ಲಾಂಗೆ ಶಸ್ತ್ರಕ್ರಿಯೆಯೊಂದಿದೆ ಎಂದು ವೈದ್ಯರು ಹೇಳಿದ್ದಾರೆ. ಅದಕ್ಕೆ ಅವರು ಸದ್ಯ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ಮೊದಲ ಶಸ್ತ್ರಕ್ರಿಯೆ ಮಾಡಿದವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಬೈಗುಳವಿರಲಿಲ್ಲ, ನಡೆದದ್ದರ ವಿವರವೂ, ಕತ್ತಿನ ಗಂಟು ತೆಗೆದ ಮೇಲೆ ಪ್ರತಿಯೊಬ್ಬರಿಗೂ ತೋಳೆತ್ತಿಸಿ ಬೆನ್ನನ್ನು ನೋಡಬೇಕೆಂಬ ಕೋರಿಕೆಯೂ ಇದ್ದವು. ಉತ್ತರ ಬಂದಿಲ್ಲ.

ಈ ವರ್ಷ ಸನತ್ಕುಮಾರನ ಪಾಠ ಮತ್ತೆ ಬಂದಿತು. ಹಲಗೆಯ ಕೆಳ ಅರ್ಧದಲ್ಲಿ ಶೀರ್ಷಿಕೆ ಬರೆದು, ಅವರು ಹಿಂದೆ ಬೇಗ ದಾಟಿಹೋಗುತ್ತಿದ್ದ ಕಥೆಯ ಮೊದಲ ಭಾಗದಲ್ಲಿ ನಿಂತರು. ಆ ಕಥಾಪರಂಪರೆಯಲ್ಲಿ ಚಕ್ರವರ್ತಿಯ ರೂಪು ಕುಂದಿದ್ದನ್ನು ಕಂಡವನು ಚಕ್ರವರ್ತಿಯಲ್ಲ. ಮೊದಲು ಅವನನ್ನು ಅಭ್ಯಂಗದ ಹೊತ್ತಿನಲ್ಲಿ, ಆಮೇಲೆ ಅಲಂಕಾರಗೊಂಡು ಒಡ್ಡೋಲಗದಲ್ಲಿರುವಾಗ ನೋಡಿದ ದೇವತೆಗಳು ವ್ಯತ್ಯಾಸವನ್ನು ಹೇಳುತ್ತಾರೆ. ಕೇಳಿದ ಅವನು ಅದನ್ನು ಅಲ್ಲಗಳೆಯದೆ ವಿಚಾರಿಸುತ್ತಾನೆ. ವೈದ್ಯನನ್ನು ಹಿಂದಕ್ಕೆ ಕಳುಹಿಸುವ ಮಾತು ಬರುವುದು ಅದೆಲ್ಲ ಆದ ಬಹುಕಾಲಕ್ಕೆ, ದೇಹದ ಸ್ಥಿತಿಯನ್ನು ಪೂರ್ಣವಾಗಿ ತಿಳಿದು ಅದರ ಹಂಗನ್ನು ಬಿಟ್ಟವನ ಬಾಯಿಂದ. ತಮ್ಮ ರೋಗದ ಹೆಸರನ್ನೇ ಅರಿಯದವರು ಆ ಕೊನೆಯ ಮಾತನ್ನು ಎರವಲು ಪಡೆದರೆ ಅದು ಪರೀಷಹಜಯವಾಗುವುದಿಲ್ಲವೆಂದು ಅವರು ವಿವರಿಸಿದರು. ಯಾರ ವಿಷಯವೆಂದು ಹೇಳಲಿಲ್ಲ. ಹಲಗೆಯ ಸಾಲುಗಳು ಜಾರಿದ್ದನ್ನು ಕಂಡಿದ್ದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆಯಾಡಿಸಿದಳು.

ಬೆಳಗಿನ ಹೊತ್ತು ಅವರು ಈಗ ಮತ್ತೆ ನಿಲ್ಲುತ್ತಾರೆ. ಗೋಡೆಯಿಂದ ಎರಡು ಹೆಜ್ಜೆ ದೂರ, ಪಾದಗಳ ನಡುವೆ ನಾಲ್ಕು ಅಂಗುಲ, ತೋಳುಗಳು ಕೆಳಗೆ. ಆ ತೋಳು ಸುಮ್ಮನೆ ಇಳಿದಿರಬೇಕಾದರೂ ಬೆನ್ನಿನ ಹಿಂದೆ ಕಾಣದ ಸ್ನಾಯುವೊಂದು ಎಲುಬನ್ನು ಎಡೆಬಿಡದೆ ಹಿಡಿದಿರಬೇಕೆಂಬುದು ಅವರಿಗೀಗ ಗೊತ್ತು. ಏಳನೆಯ ಮಂತ್ರದ ಹೊತ್ತಿಗೆ ಬಲಹೆಗಲು ಜಗ್ಗತೊಡಗುತ್ತದೆ. ಉಳಿದ ಎರಡನ್ನು ಅವರು ಕುಳಿತು ಮುಗಿಸುತ್ತಾರೆ.